ಮದ್ದೂರು ಸ್ಟೇಷನ್ನಿನಿಂದ ಚಾಂಪಿಯನ್ ರೀಫ್‌ವರೆಗೆ

ಬೆಂಗಳೂರು–ಮೈಸೂರು ರೈಲುದಾರಿ ಪೂರ್ತಿಯಾದದ್ದು 1882ರಲ್ಲಿ. ಅದಾಗಿ ಇಪ್ಪತ್ತು ವರ್ಷ ಕಳೆಯುವುದರೊಳಗೆ ಮದ್ದೂರು ಸ್ಟೇಷನ್ನಿನಲ್ಲಿ ಇಳಿಯತೊಡಗಿದ ಸರಕು ಮೈಸೂರು ಸೀಮೆ ಅಲ್ಲಿಯವರೆಗೆ ಕಂಡದ್ದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರುಗಳು, ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯ ಟರ್ಬೈನುಗಳು, ಆಳೆತ್ತರದ ಉಕ್ಕಿನ ಭಾಗಗಳು, ಸುರುಳಿ ಸುರುಳಿ ತಾಮ್ರದ ತಂತಿ. ಇಷ್ಟೂ ಅಲ್ಲಿಂದ ಮಳವಳ್ಳಿ ಹಾದು ಶಿವನಸಮುದ್ರ ಮುಟ್ಟಬೇಕು. ಹೆಚ್ಚುಕಡಿಮೆ 50 ಕಿಲೋಮೀಟರು ದಾರಿ. ಲಾರಿಯಿಲ್ಲದ ಕಾಲ. ಎತ್ತು ಕಟ್ಟಿದರು, ಕುದುರೆ ಕಟ್ಟಿದರು, ಅವುಗಳ ಕೈಲಾಗದ ಕಡೆ ಆನೆ ಕಟ್ಟಿ ಎಳೆಸಿದರು. ಮಳವಳ್ಳಿ ಪೇಟೆಯ ಜನ ರಸ್ತೆಯ ಎರಡೂ ಬದಿ ನಿಂತು ನೋಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಷ್ಟೆಲ್ಲ ಪಾಡು ಯಾರ ಮನೆಯ ದೀಪಕ್ಕೂ ಅಲ್ಲ. ಕರೆಂಟು ಹೋಗಬೇಕಾಗಿದ್ದದ್ದು ಕೋಲಾರದ ಚಿನ್ನದ ಗಣಿಗೆ. ಅಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ಗಣಿಗಾರಿಕೆ ನಡೆಸುತ್ತಿತ್ತು. ಆಳಕ್ಕೆ ಇಳಿದಷ್ಟೂ ನೀರು ಎತ್ತುವುದು, ಅದಿರು ಎತ್ತುವುದು, ಗಾಳಿ ನೂಕುವುದು, ಕಲ್ಲು ಕುಟ್ಟುವುದು ಎಲ್ಲಕ್ಕೂ ಉಗಿಯಂತ್ರ. ಉಗಿಗೆ ಸೌದೆ, ಕಲ್ಲಿದ್ದಲು. ಖರ್ಚು ಏರುತ್ತಲೇ ಇತ್ತು. ಮೈಸೂರು ಸರ್ಕಾರದ ಉಪ ಮುಖ್ಯ ಎಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯೇರ್ ಕಾವೇರಿಯ ಧುಮುಕನ್ನು ನೋಡಿ ಲೆಕ್ಕ ಹಾಕಿದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು. 4,000 ಅಶ್ವಶಕ್ತಿಯ ವಿದ್ಯುತ್ತನ್ನು ಗಣಿಗೆ ಮಾರುವ ಒಪ್ಪಂದವಾಯಿತು. ನದಿಯ ನೀರನ್ನು ಕಾಲುವೆಯಲ್ಲಿ ತಂದು 400 ಅಡಿ ಕೆಳಗೆ ಬೀಳಿಸಿ, ಇಂದಿಗೂ ಊರವರು ಬ್ಲಫ್ ಎನ್ನುವ ಆ ಬಂಡೆಯ ತಪ್ಪಲಿನ ಪವರ್ ಹೌಸಿನಲ್ಲಿ ಚಕ್ರ ತಿರುಗಿಸಿದರು. ಅಲ್ಲಿಂದ ಕಾನಕಾನಹಳ್ಳಿಯ ಮೇಲೆ, ಅಂದರೆ ಈಗಿನ ಕನಕಪುರದ ಮೇಲೆ, 92 ಮೈಲಿ ಉದ್ದದ ತಂತಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೊಂದು. 1902ರ ಜೂನ್ ಕೊನೆಗೆ ಗಣಿಗೆ ಕರೆಂಟು ಮುಟ್ಟಿತು. ಅದನ್ನು ಕಣ್ಣಾರೆ ಕಾಣಲು ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪಕ್ಕೆ ಅದೇ ಶಿವನಸಮುದ್ರದ ಕರೆಂಟು ಬರಬೇಕಾದರೆ 1905 ಆಗಬೇಕಾಯಿತು.

ಮಂಡ್ಯ ಸೀಮೆಗೂ ಕೋಲಾರದ ಗಣಿಗೂ ನಂಟು ಅಲ್ಲಿಗೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಯ ಯಂತ್ರ ನಿಲ್ಲುತ್ತದೆ. ಹಾಗಾಗಬಾರದೆಂಬುದು ಕನ್ನಂಬಾಡಿ ಕಟ್ಟೆಯ ಮೊದಲ ಲೆಕ್ಕಾಚಾರಗಳಲ್ಲೇ ಇತ್ತು. 1911ರಲ್ಲಿ ಶುರುವಾದ ಆ ಕಟ್ಟೆಯ ಮೊದಲ ಹಂತಕ್ಕೆ ಗಡುವು ತಂದದ್ದು ಗಣಿಗೆ ಕೊಡಬೇಕಾಗಿದ್ದ ಹೆಚ್ಚುವರಿ ವಿದ್ಯುತ್ತು. ಆಮೇಲೆ ಹುಲಿಕೆರೆ ಸುರಂಗ ದಾಟಿ ನಾಲೆ ಬಂತು, ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲು ಹಸಿರಾಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಈ ಕಥೆಯನ್ನು ನಮ್ಮ ಜನ ಚೆನ್ನಾಗಿಯೇ ಬಲ್ಲರು. ಅದರ ಇನ್ನೊಂದು ತುದಿಯಲ್ಲಿ, ಆ ಕರೆಂಟು ಕುಡಿದು ಬೆಳೆದ ಗಣಿಯ ಹೊಟ್ಟೆಯೊಳಗೆ, ಎಂಬತ್ತು ವರ್ಷದ ನಂತರ ನಡೆದದ್ದೇನೆಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ಕಡಿಮೆ. ಅಣುತ್ಯಾಜ್ಯವನ್ನು ಭೂಮಿಯ ಆಳದಲ್ಲಿ ಇಡಬಹುದೇ ಎಂಬ ಪ್ರಶ್ನೆಗೆ ಭಾರತ ಮೊದಮೊದಲು ಉತ್ತರ ಹುಡುಕಿದ ಜಾಗಗಳಲ್ಲಿ ಕೋಲಾರದ ಗಣಿಯೂ ಒಂದು. ಆ ಪ್ರಶ್ನೆಯ ನಡುಮಧ್ಯದಲ್ಲಿರುವುದು ಒಂದು ಲೋಹದ ಡಬ್ಬಿ, ಮತ್ತು ಆ ಡಬ್ಬಿ ಬಿರುಕು ಬಿಡುತ್ತದೆಯೋ ಇಲ್ಲವೋ ಎಂಬ ಸಂಶಯ.

ಬಿರುಕಿನ ಕಥೆಗೆ ಬರಬೇಕಾದರೆ ಮತ್ತೆ ಶಿವನಸಮುದ್ರದ ಕಾಲಕ್ಕೇ ಹೋಗಬೇಕು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಆಗ ಒಂದು ವಿಚಿತ್ರ ಕಾಟ ಇತ್ತು. ಉಗ್ರಾಣದಲ್ಲಿಟ್ಟ ಹಿತ್ತಾಳೆಯ ತೋಟಾ ಕೊಳವೆಗಳು ಮಳೆಗಾಲ ಬಂತೆಂದರೆ ತಾವಾಗಿಯೇ ಸೀಳುತ್ತಿದ್ದವು. ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ. ತುಕ್ಕು ಹಿಡಿದು ಸವೆದ ಗುರುತೂ ಇಲ್ಲ; ಮೈ ಇನ್ನೂ ಹೊಳೆಯುತ್ತಿರುತ್ತದೆ, ಆದರೆ ಗುಂಡನ್ನು ಕಚ್ಚಿ ಹಿಡಿದ ಕುತ್ತಿಗೆಯ ಬಳಿ ಉದ್ದಕ್ಕೆ ಸೀಳು. ಮಳೆಗಾಲದಲ್ಲೇ ಹೀಗಾಗುತ್ತದೆಂದು ಸಿಪಾಯಿಗಳು ಅದಕ್ಕೆ ಋತುವಿನ ಬಿರುಕು ಎಂಬರ್ಥದ ಹೆಸರಿಟ್ಟರು. ಕಾರಣ ಖಚಿತವಾಗಿ ಗೊತ್ತಾದದ್ದು 1921ರಲ್ಲಿ, ಇಂಗ್ಲೆಂಡಿನಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ನಡೆಸಿದ ಅಭ್ಯಾಸದಿಂದ. ಹಿತ್ತಾಳೆಯ ಹಾಳೆಯನ್ನು ಒತ್ತಿ ಎಳೆದು ಕೊಳವೆ ಮಾಡುವಾಗ ಅದರೊಳಗೆ ಒಂದು ಬಿಗುವು ಉಳಿದುಬಿಡುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಗಾಳಿಯಲ್ಲಿ ಅಮೋನಿಯಾ ಇತ್ತು. ಕುದುರೆ ಲಾಯದ ಗಂಜಲದಿಂದ ಎದ್ದ ಆವಿಯೇ ಅದಕ್ಕೆ ಸಾಕು. ಮಳೆಗಾಲದ ತೇವ ಸೇರಿತು. ಬಿಗುವು, ಅಮೋನಿಯಾ, ತೇವ ಈ ಮೂರೂ ಒಂದಾದಾಗ ಲೋಹ ಸೀಳಿತು. ಮೂರರಲ್ಲಿ ಒಂದು ತಪ್ಪಿದ್ದರೂ ಏನೂ ಆಗುತ್ತಿರಲಿಲ್ಲ.

ಪರಿಹಾರ ಸುಲಭದ್ದೇ ಆಗಿತ್ತು: ಕೊಳವೆಯನ್ನು ಹದವಾದ ಬಿಸಿಗೆ ಕಾಯಿಸಿ ಒಳಗಿನ ಬಿಗುವನ್ನು ಸಡಿಲಿಸುವುದು. ನಾಗಮಂಗಲದ ಹಿತ್ತಾಳೆ ಕೆಲಸದವರ ಮುಂದೆ ಕೂತು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ತಗಡನ್ನು ಸುತ್ತಿಗೆಯಿಂದ ಬಡಿಯುತ್ತಾ ಬಡಿಯುತ್ತಾ ಅದು ಗಡಸಾಗುತ್ತದೆ, ಸದ್ದು ಬದಲಾಗುತ್ತದೆ. ಇನ್ನು ನಾಲ್ಕು ಏಟು ಹೊಡೆದರೆ ಅಂಚು ಸೀಳುತ್ತದೆ ಅನ್ನುವಾಗ ಕೈ ನಿಲ್ಲುತ್ತದೆ. ತಗಡು ಕುಲುಮೆಗೆ ಹೋಗಿ ಕೆಂಪಗೆ ಕಾದು, ಮೆತ್ತಗಾಗಿ ಮತ್ತೆ ಬಡಿತಕ್ಕೆ ಬರುತ್ತದೆ. ಪುಸ್ತಕ ಓದದ ಕೈಗಳು ಬಿಗುವಿನ ಗುಟ್ಟನ್ನು ಕಿವಿಯಿಂದಲೇ ಹಿಡಿದಿದ್ದವು. ವಿಜ್ಞಾನ ತಂದುಕೊಟ್ಟದ್ದು ಅದರ ಮುಂದಿನ ಮಾತನ್ನು. ಬಿಗುವು ಒಂದೇ ಅಪರಾಧಿಯಲ್ಲ, ಪ್ರತಿಯೊಂದು ಲೋಹಕ್ಕೂ ತನ್ನದೇ ಒಬ್ಬ ವೈರಿ ಇದ್ದಾನೆ. ಹಿತ್ತಾಳೆಗೆ ಅಮೋನಿಯಾ. ಬಾಯ್ಲರಿನ ಉಕ್ಕಿಗೆ ಕಾಸ್ಟಿಕ್ ಸೋಡಾ: ರಿವೆಟ್ ಹೊಡೆದ ಹಳೆಯ ಬಾಯ್ಲರುಗಳಲ್ಲಿ ರಿವೆಟಿನ ಸಂದಿಗೆ ನೀರು ಇಂಗಿ, ಆವಿಯಾಗಿ, ಕ್ಷಾರ ಗಟ್ಟಿಯಾಗಿ ಉಕ್ಕು ಸೀಳಿ ಸ್ಫೋಟಗಳಾಗಿವೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ನೀರಿನ ಪರೀಕ್ಷೆ ಪಾಳಿ ಪಾಳಿಗೂ ನಡೆಯುವುದರ ಹಿಂದೆ ಇಂಥ ಅನುಭವವೂ ಇದೆ. ಮತ್ತೆ ಸ್ಟೇನ್‌ಲೆಸ್ ಸ್ಟೀಲಿಗೆ ಉಪ್ಪು, ಅಂದರೆ ಕ್ಲೋರೈಡ್. ಎಂಜಿನಿಯರುಗಳು ಇದನ್ನು ಸ್ಟ್ರೆಸ್ ಕರೋಷನ್ ಕ್ರ್ಯಾಕಿಂಗ್ ಎನ್ನುತ್ತಾರೆ. ತುಕ್ಕುಬಿರುಕು ಎಂದರೂ ನಡೆಯುತ್ತದೆ.

ಈ ಬಿರುಕಿನ ಕೆಟ್ಟ ಗುಣ ಅದರ ಮೌನ. ಸಾಮಾನ್ಯ ತುಕ್ಕಾದರೆ ಕಣ್ಣಿಗೆ ಕಾಣುತ್ತದೆ, ವರ್ಷಕ್ಕೆ ಇಷ್ಟು ಸವೆಯುತ್ತದೆಂದು ಲೆಕ್ಕ ಹಾಕಿ ಅಷ್ಟು ದಪ್ಪ ಹೆಚ್ಚು ಇಡಬಹುದು. ತುಕ್ಕುಬಿರುಕು ವರ್ಷಗಟ್ಟಲೆ ಹುಟ್ಟುವುದೇ ಇಲ್ಲ. ಹುಟ್ಟಿದ ಮೇಲೆ ನಿಲ್ಲುವುದೂ ಇಲ್ಲ. 1967ರಲ್ಲಿ ಅಮೆರಿಕದ ಒಹಾಯೊ ನದಿಯ ಸಿಲ್ವರ್ ಸೇತುವೆ ಒಂದು ಸಂಜೆ ಇದ್ದಕ್ಕಿದ್ದಂತೆ ನದಿಗೆ ಬಿದ್ದು 46 ಜನ ಸತ್ತರು. ಮೂಲ ಹುಡುಕಿದರೆ, ಉಕ್ಕಿನ ಒಂದು ಕೊಂಡಿಯೊಳಗೆ ಕೆಲವೇ ಮಿಲಿಮೀಟರಿನ ಬಿರುಕು. ಸೇತುವೆಗಾಗಿದ್ದದ್ದು ನಲವತ್ತು ವರ್ಷ ವಯಸ್ಸು. ಅಣುತ್ಯಾಜ್ಯದ ಡಬ್ಬಿಯಿಂದ ನಾವು ಕೇಳುವುದು ಸಾವಿರ ವರ್ಷ, ಹತ್ತು ಸಾವಿರ ವರ್ಷ, ಕೆಲವು ದೇಶಗಳಲ್ಲಿ ಒಂದು ಲಕ್ಷ ವರ್ಷ. ತಲಕಾಡಿನ ಗಂಗರಿಂದ ಇವತ್ತಿನವರೆಗೆ ಎಣಿಸಿದರೂ ಎರಡು ಸಾವಿರ ವರ್ಷ ಆಗುವುದಿಲ್ಲ.

ಅಷ್ಟು ದೀರ್ಘ ಕಾಲ ಕಾಯಬೇಕಾದ ವಸ್ತು ಯಾವುದು? ಕೈಗಾದಂಥ ಅಣುವಿದ್ಯುತ್ ಸ್ಥಾವರದಲ್ಲಿ ಉರಿದ ಯುರೇನಿಯಂ ಇಂಧನವನ್ನು ಭಾರತ ಹಾಗೆಯೇ ಹೂಳುವುದಿಲ್ಲ. ಅದನ್ನು ಆಮ್ಲದಲ್ಲಿ ಕರಗಿಸಿ, ಮತ್ತೆ ಬಳಕೆಗೆ ಬರುವ ಯುರೇನಿಯಂ, ಪ್ಲುಟೋನಿಯಂ ತೆಗೆದ ಮೇಲೆ ತೀವ್ರ ವಿಕಿರಣದ ಒಂದು ದ್ರವ ಉಳಿಯುತ್ತದೆ. ಆ ದ್ರವವನ್ನು ಗಾಜಿನ ಕಚ್ಚಾವಸ್ತುವಿನೊಡನೆ ಬೆರೆಸಿ, ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಬೋರೋಸಿಲಿಕೇಟ್ ಗಾಜು ಮಾಡುತ್ತಾರೆ. ಕರಗಿದ ಗಾಜನ್ನು ಸ್ಟೇನ್‌ಲೆಸ್ ಸ್ಟೀಲಿನ ಕ್ಯಾನಿಸ್ಟರಿಗೆ ಸುರಿದು ಮುಚ್ಚಳ ಬೆಸುಗೆ ಹಾಕುತ್ತಾರೆ. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ನಡೆಯುತ್ತದೆ. ತುಂಬಿದ ಕ್ಯಾನಿಸ್ಟರುಗಳು ವರ್ಷಗಟ್ಟಲೆ ಬಿಸಿ ಬಿಡುತ್ತಲೇ ಇರುವುದರಿಂದ ಅವನ್ನು ಗಾಳಿಯಾಡುವ ನೆಲಮಾಳಿಗೆಯಲ್ಲಿಟ್ಟು ಮೂರು ದಶಕದಷ್ಟು ಕಾಲ ಕಾವಲಿಡುವುದು ಪದ್ಧತಿ. ಆ ಮೂರೂ ಊರು ಇರುವುದು ಕಡಲ ದಂಡೆಯಲ್ಲಿ, ಉಪ್ಪುಗಾಳಿಯ ನಡುವೆ. ಸ್ಟೇನ್‌ಲೆಸ್ ಸ್ಟೀಲಿನ ವೈರಿಯೂ ಉಪ್ಪೇ.

ಇಲ್ಲಿ ಲೋಹದ ಒಳಗಡೆ ಸ್ವಲ್ಪ ಇಣುಕಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರಲು ಕಾರಣ ಅದರಲ್ಲಿರುವ ನೂರಕ್ಕೆ ಹದಿನೆಂಟರಷ್ಟು ಕ್ರೋಮಿಯಂ. ಗಾಳಿ ಸೋಕಿದೊಡನೆ ಅದು ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆ ಕಟ್ಟುತ್ತದೆ; ಗೀಚಿದರೆ ಪೊರೆ ಮತ್ತೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಉಕ್ಕು ಒಂದೇ ಮುದ್ದೆಯಲ್ಲ, ಸಣ್ಣ ಸಣ್ಣ ಹರಳುಗಳ ಜೋಡಣೆ. ಹರಳಿಗೂ ಹರಳಿಗೂ ನಡುವಿನ ಗಡಿಯನ್ನು ನಮ್ಮ ಗದ್ದೆಬಯಲಿನ ಬದುಗಳ ಹಾಗೆ ಎಂದು ಭಾವಿಸಿಕೊಳ್ಳಿ. ಉಕ್ಕು 500ರಿಂದ 800 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಉಳಿದರೆ ಒಳಗಿನ ಇಂಗಾಲ ಬದುವಿಗೆ ಬಂದು ಅಲ್ಲಿನ ಕ್ರೋಮಿಯಮನ್ನು ತನ್ನೊಡನೆ ಕಟ್ಟಿಹಾಕಿಕೊಳ್ಳುತ್ತದೆ. ಗದ್ದೆ ಚೆನ್ನಾಗಿಯೇ ಕಾಣುತ್ತದೆ, ಬದು ಮಾತ್ರ ಏಡಿ ಕೊರೆದಂತೆ ಟೊಳ್ಳು. ಅಣುತ್ಯಾಜ್ಯದ ಕ್ಯಾನಿಸ್ಟರಿಗೆ ಆಗುವುದು ಸರಿಯಾಗಿ ಇದೇ. ಕುದಿಯುವ ಗಾಜು ಬೀಳುತ್ತದೆ, ಕ್ಯಾನಿಸ್ಟರ್ ಕೆಂಪಗೆ ಕಾಯುತ್ತದೆ, ಗಾಜು ಬಿರಿಯಬಾರದೆಂದು ನಿಧಾನವಾಗಿಯೇ ತಣಿಸಬೇಕು. ಹಾಗೆ ತಣಿಯುವಾಗ ಅದು ಆ ಅಪಾಯದ ಮೆಟ್ಟಿಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಅದಕ್ಕೇ ಇಂಗಾಲವನ್ನು ನೂರಕ್ಕೆ 0.03ಕ್ಕಿಂತ ಕೆಳಗಿಳಿಸಿದ 304ಎಲ್ ಎಂಬ ಉಕ್ಕನ್ನು ಆರಿಸಿಕೊಂಡದ್ದು. ಜಗತ್ತಿನಾದ್ಯಂತ ಕುದಿನೀರಿನ ರಿಯಾಕ್ಟರುಗಳ ಪೈಪುಗಳು 1970ರ ದಶಕದಲ್ಲಿ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಟ್ಟು ಕೊಟ್ಟ ಪಾಠ ಅದು.

ಒಂದು ಮಿಶ್ರಲೋಹ ಈ ಬಿರುಕನ್ನು ಎಷ್ಟು ತಡೆಯುತ್ತದೆ ಎಂದು ಪರೀಕ್ಷಿಸುವ ಬಗೆ ನೋಡಲು ಬಲು ಸರಳ. ಲೋಹದ ಒಂದು ಪಟ್ಟಿಯನ್ನು ಕುದುರೆ ಲಾಳದ ಆಕಾರಕ್ಕೆ ಬಗ್ಗಿಸಿ, ಎರಡು ಕಾಲುಗಳನ್ನು ಬೋಲ್ಟಿನಿಂದ ಬಿಗಿಯುತ್ತಾರೆ. ಈಗ ಬೆನ್ನಿನ ಹೊರಮೈ ಎಳೆತದಲ್ಲಿದೆ. ಅದನ್ನು ಕುದಿಯುವ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸುತ್ತಾರೆ; 155 ಡಿಗ್ರಿ ಶಾಖ. ಆಗಾಗ ಹೊರತೆಗೆದು ಭೂತಗನ್ನಡಿಯಲ್ಲಿ ಬೆನ್ನನ್ನು ನೋಡುವುದು. ಸಾಧಾರಣ ಸ್ಟೇನ್‌ಲೆಸ್ ಸ್ಟೀಲ್ ಕೆಲವೇ ಗಂಟೆಗಳಲ್ಲಿ ಕೂದಲೆಳೆಯಂಥ ಗೆರೆ ತೋರಿಸುತ್ತದೆ. ತುಂಡು ಮಾಡಿ, ಮೆರುಗು ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಒಂದು ಗೆರೆ ಒಳಗೆ ಹೋಗುತ್ತಾ ಎರಡಾಗಿ, ನಾಲ್ಕಾಗಿ ಕವಲೊಡೆದಿರುತ್ತದೆ. ನಿಕಲ್ ಹೆಚ್ಚಿರುವ ಮಿಶ್ರಲೋಹದ ಲಾಳ ವಾರಗಟ್ಟಲೆ ಕುದಿದರೂ ಹಾಗೇ ಇರುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಲೋಹದ ಕಡ್ಡಿಯನ್ನು ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ, ದಿನಗಟ್ಟಲೆ ಎಳೆಯುತ್ತಾ ತುಂಡಾಗುವವರೆಗೆ ಕಾಯುತ್ತಾರೆ. ಪರೀಕ್ಷೆಗಳು ಪ್ರಾಮಾಣಿಕವೇ. ಆದರೆ ವಾರಗಳ ಪರೀಕ್ಷೆಯಿಂದ ಸಾವಿರ ವರ್ಷದ ಮಾತು ಹೇಳಬೇಕಲ್ಲ, ಆ ಜಿಗಿತವೇ ಇಡೀ ವಿದ್ಯೆಯ ಕಷ್ಟ. ಅದನ್ನು ಒಪ್ಪಿಕೊಂಡು ಕೆಲಸ ಮಾಡುವ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ.

ಕೋಲಾರಕ್ಕೆ ವಾಪಸು ಬರೋಣ. ಚಾಂಪಿಯನ್ ರೀಫ್ ಗಣಿ 3,200 ಮೀಟರು ಆಳ ಮುಟ್ಟಿ ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು. ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಮೀರುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಸಿಡಿಯುವ ರಾಕ್ ಬರ್ಸ್ಟ್ ಎಂದರೆ ಗಣಿಯ ಕುಟುಂಬಗಳು ಇಂದಿಗೂ ನಡುಗುತ್ತವೆ. ಅಷ್ಟು ಆಳ ಚಿನ್ನಕ್ಕೆ ಮಾತ್ರವಲ್ಲ, ವಿಜ್ಞಾನಕ್ಕೂ ಬೇಕಾಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ತಂಡ ಇಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಹಿಡಿಯಿತು. ಲೋಕವೇ ತಿರುಗಿ ನೋಡಿದ ಸಾಧನೆ ಅದು.

ಇನ್ನೊಂದು ಪ್ರಯೋಗ 1980ರ ದಶಕದ್ದು. ಭಾಭಾ ಅಣು ಸಂಶೋಧನಾ ಕೇಂದ್ರದವರು ಗಣಿಯ ಬಳಕೆ ಬಿಟ್ಟ ಭಾಗದಲ್ಲಿ, ಸುಮಾರು 1000 ಮೀಟರು ಆಳದಲ್ಲಿ, ಒಂದು ಕೊಠಡಿ ಸಜ್ಜು ಮಾಡಿಕೊಂಡರು. ಸುತ್ತ ಆಂಫಿಬೊಲೈಟ್ ಎಂಬ ಕಪ್ಪು ಗಟ್ಟಿ ಶಿಲೆ. ಅದರೊಳಗೆ ವಿದ್ಯುತ್ ಹೀಟರುಗಳನ್ನು ಇಳಿಸಿ, ತ್ಯಾಜ್ಯ ತುಂಬಿದ ಕ್ಯಾನಿಸ್ಟರ್ ಎಷ್ಟು ಬಿಸಿ ಬಿಡುತ್ತದೋ ಹಾಗೆಯೇ ಬಿಸಿ ಬಿಡಿಸಿದರು. ವಿಕಿರಣದ ವಸ್ತು ಒಂದಿಷ್ಟೂ ಇರಲಿಲ್ಲ. ಇದ್ದದ್ದು ಹೀಟರು, ಥರ್ಮಾಮೀಟರು, ಬಂಡೆಯ ಅಲುಗಾಟ ಅಳೆಯುವ ಉಪಕರಣಗಳು. ಎಂಟು ವರ್ಷ ಆ ಬಂಡೆಗೆ ಕಾವು ಕೊಟ್ಟು, ಅದು ಎಷ್ಟು ಉಬ್ಬುತ್ತದೆ, ಬಿಸಿ ಎಷ್ಟು ದೂರ ಹಬ್ಬುತ್ತದೆ ಎಂದು ಲೆಕ್ಕ ಬರೆದುಕೊಂಡರು. ಅಂಥ ಪ್ರಯೋಗ ಯಾಕೆ ಮುಖ್ಯ ಎಂದರೆ, ಬಿಸಿಗೆ ಬಂಡೆ ಸೀಳಿದರೆ ನೀರಿಗೆ ದಾರಿಯಾಗುತ್ತದೆ. ನೀರು ಬಂದರೆ ಉಪ್ಪು ಬರುತ್ತದೆ. ಬೆಸುಗೆಯ ಬಿಗುವು ಡಬ್ಬಿಯಲ್ಲಿ ಮೊದಲೇ ಇದೆ. ತೋಟಾ ಕೊಳವೆ ಸೀಳಿದ ಮೂರು ಕಾರಣಗಳು ಬೇರೆ ವೇಷದಲ್ಲಿ ಇಲ್ಲಿಯೂ ಒಂದೆಡೆ ಸೇರಬಹುದು. ಬಂಡೆಯ ಪರೀಕ್ಷೆಯೂ ಲೋಹದ ಪರೀಕ್ಷೆಯೂ ಬೇರೆ ಬೇರೆಯಲ್ಲ.

ಇತರ ದೇಶಗಳು ಈ ಮೂರೂ ಒಂದಾಗುವುದನ್ನು ತಪ್ಪಿಸಲು ಎರಡು ದಾರಿ ಹಿಡಿದವು. ಮೊದಲನೆಯದು ತುಕ್ಕು ಹಿಡಿಯದ ದುಬಾರಿ ಲೋಹ. ಅಮೆರಿಕ ನೆವಾಡಾದ ಯುಕ್ಕಾ ಪರ್ವತದ ಯೋಜನೆಗೆ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಅಲಾಯ್ 22 ಆರಿಸಿತು. ಮೇಲೆ ತೊಟ್ಟಿಕ್ಕುವ ನೀರು ಬೀಳದಂತೆ ಟೈಟಾನಿಯಮ್ಮಿನ ಸೂರು. ಕೊನೆಯ ಮುಚ್ಚಳದ ಬೆಸುಗೆಯಲ್ಲಿ ಉಳಿಯುವ ಬಿಗುವನ್ನು ತೆಗೆಯುವುದು ಹೇಗೆಂಬುದೇ ಅಲ್ಲಿನ ಲೋಹಶಾಸ್ತ್ರಜ್ಞರ ದೊಡ್ಡ ತಲೆನೋವಾಗಿತ್ತು. ಯೋಜನೆ 2010ರ ಹೊತ್ತಿಗೆ ರಾಜಕೀಯಕ್ಕೆ ಸಿಕ್ಕಿ ನಿಂತಿತು, ಲೋಹ ಸೋತು ಅಲ್ಲ. ಎರಡನೆಯ ದಾರಿ ದಪ್ಪದ್ದು. ಜಪಾನಿನ ಯೋಜನೆಯಲ್ಲಿ 19 ಸೆಂಟಿಮೀಟರು ದಪ್ಪದ ಸಾಧಾರಣ ಉಕ್ಕು: ತುಕ್ಕು ಹಿಡಿಯಲಿ, ಆದರೆ ಮೈಯೆಲ್ಲ ಸಮವಾಗಿ, ನಿಧಾನವಾಗಿ ಹಿಡಿಯಲಿ, ಸಾವಿರ ವರ್ಷಕ್ಕೆ ಸಾಕಾಗುವಷ್ಟು ಲೋಹ ಇರಲಿ ಎಂಬ ವಿಚಾರ. ಕೊಡಚಾದ್ರಿಯಲ್ಲಿ ಮಲೆನಾಡಿನ ಮಳೆಗೆ ಶತಮಾನಗಳಿಂದ ಮೈಯೊಡ್ಡಿ ನಿಂತ ಕಬ್ಬಿಣದ ಕಂಬವನ್ನು ಲೋಹವಿಜ್ಞಾನಿಗಳು ಅಭ್ಯಾಸ ಮಾಡಿದ್ದಾರೆ. ಹಳೆಯ ಕಬ್ಬಿಣ ದೀರ್ಘಕಾಲದಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು ಪ್ರಯೋಗಾಲಯಕ್ಕಿಂತ ಒಳ್ಳೆಯ ಸಾಕ್ಷಿ ಅಂಥ ಕಂಬಗಳು.

ಮೊದಲನೆಯ ದಾರಿಯಲ್ಲೇ ಸ್ವೀಡನ್ ಆರಿಸಿದ್ದು ತಾಮ್ರವನ್ನು. ಒಳಗೆ ಎರಕದ ಕಬ್ಬಿಣ, ಹೊರಗೆ 5 ಸೆಂಟಿಮೀಟರು ದಪ್ಪದ ಶುದ್ಧ ತಾಮ್ರ, ಸುತ್ತ ಬೆಂಟೊನೈಟ್ ಜೇಡಿ, ಅದೂ ಫೋರ್ಸ್‌ಮಾರ್ಕ್ ಎಂಬಲ್ಲಿ ಸುಮಾರು 500 ಮೀಟರು ಆಳದ ಬಂಡೆಯಲ್ಲಿ. ಆಮ್ಲಜನಕವಿಲ್ಲದ ನೀರಿನಲ್ಲಿ ತಾಮ್ರ ಸವೆಯುವುದಿಲ್ಲ ಎಂಬ ನಂಬಿಕೆ ಇದರ ಬುನಾದಿ. ಸ್ಟಾಕ್‌ಹೋಮಿನ ರಾಯಲ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಆ ಬುನಾದಿಯನ್ನೇ ಪ್ರಶ್ನಿಸಿದರು. ಸಲ್ಫೈಡ್ ಬಂದರೆ ಏನಾಗುತ್ತದೆ, ಅಮೋನಿಯಾ, ನೈಟ್ರೈಟ್ ಇದ್ದರೆ ತಾಮ್ರವೂ ಹಿತ್ತಾಳೆಯ ಹಾಗೆ ಸೀಳುತ್ತದೆಯೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2011ರಲ್ಲಿ ಭಂಡಾರ ಕಟ್ಟಲಿರುವ ಕಂಪನಿ ಅನುಮತಿ ಕೇಳಿತು. 2018ರ ಜನವರಿಯಲ್ಲಿ ಅಲ್ಲಿನ ಪರಿಸರ ನ್ಯಾಯಾಲಯ, ತಾಮ್ರದ ಡಬ್ಬಿಯ ಸವೆತದ ಬಗ್ಗೆ ಇನ್ನೂ ಪುರಾವೆ ಬೇಕು ಎಂದು ಅಡ್ಡ ನಿಂತಿತು. ಸ್ಥಳೀಯ ಪುರಸಭೆಗೆ ಬೇಡ ಎನ್ನುವ ಹಕ್ಕಿತ್ತು. ಓಸ್ತಾಮಾರ್ ಪುರಸಭೆ 2020ರ ಅಕ್ಟೋಬರಿನಲ್ಲಿ ಮತ ಹಾಕಿ ಒಪ್ಪಿತು. ಸರ್ಕಾರದ ಅನುಮತಿ ಬಂದದ್ದು 2022ರ ಜನವರಿಯಲ್ಲಿ. ಒಂದು ಲೋಹದ ಬಿರುಕಿನ ಬಗ್ಗೆ ನ್ಯಾಯಾಲಯದಲ್ಲಿ, ಊರವರೆದುರು, ಬಾಗಿಲು ತೆರೆದು ವಾದ ನಡೆಯಿತು ಎಂಬುದನ್ನು ನಾನು ತಾಮ್ರದ ದಪ್ಪಕ್ಕಿಂತ ಹೆಚ್ಚೆಂದು ಬಗೆಯುತ್ತೇನೆ.

ನಮ್ಮಲ್ಲಿ ನಡೆದದ್ದು ಬೇರೆ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು. ಶಿವನಸಮುದ್ರದ ಕರೆಂಟು ಬಂದಂದಿನಿಂದ ಹಗಲಿರುಳು ಎತ್ತಿ ಹೊರಚೆಲ್ಲುತ್ತಿದ್ದ ನೀರು ಸುರಂಗಗಳಿಗೆ ತುಂಬತೊಡಗಿತು. ಮೇಲೆ ಸಯನೈಡ್ ಗುಡ್ಡಗಳು, ಕೆಲಸ ಹೋದ ಸಾವಿರಾರು ಮನೆಗಳು. 2012ರ ನವೆಂಬರಿನಲ್ಲಿ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಕೋಲಾರ ಗಣಿಯ ಹೆಸರು ಬಂತು. ಅಣುತ್ಯಾಜ್ಯ ತಂದು ಇಲ್ಲಿ ಹೂಳುತ್ತಾರೆಂಬ ಸುದ್ದಿ ಮರುದಿನ ಪತ್ರಿಕೆಗಳಲ್ಲಿ. ಊರು ಬೀದಿಗಿಳಿಯಿತು. ರಾಜ್ಯ ಸರ್ಕಾರ ವಿರೋಧಿಸಿತು. ಅಂಥ ಯೋಜನೆ ಇಲ್ಲವೆಂದು ಅಣುಶಕ್ತಿ ಇಲಾಖೆ ಸ್ಪಷ್ಟಪಡಿಸಿತು. 80ರ ದಶಕದ ಪ್ರಯೋಗದ ಮಾತು ಆಗಲೇ ಬಹಳ ಜನರ ಕಿವಿಗೆ ಬಿದ್ದದ್ದು. 2013ರ ಮೇ ತಿಂಗಳಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಶಾಶ್ವತ ಭೂಗರ್ಭ ಭಂಡಾರದ ಕಡೆಗೆ ಆದಷ್ಟು ಬೇಗ ಹೆಜ್ಜೆ ಇಡಬೇಕೆಂದು ಹೇಳಿತು. ಅಂಥ ಭಂಡಾರ ಭಾರತದಲ್ಲಿ ಇನ್ನೂ ಆಗಿಲ್ಲ.

ಗಣಿಯ ಜನರದ್ದು ಅಜ್ಞಾನದ ಭಯ ಎಂದವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬಂಡೆ ಸಿಡಿಯುವುದನ್ನು, ಕಂಬಿ ಮುರಿಯುವುದನ್ನು, ನೀರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವುದನ್ನು ಮೂರು ತಲೆಮಾರು ಕಂಡವರು ಅವರು. ಬಂಡೆ ಗಟ್ಟಿ, ಡಬ್ಬಿ ಗಟ್ಟಿ ಎಂಬ ಮಾತಿಗೆ ಪುರಾವೆ ಕೇಳುವ ಹಕ್ಕು ಅವರಿಗಿಂತ ಹೆಚ್ಚು ಯಾರಿಗಿದೆ? ಹಾಗೆಂದು ತ್ಯಾಜ್ಯವೇ ಬೇಡ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಕೈಗಾದ ಕರೆಂಟು ನಾವು ಬಳಸಿದ್ದೇವೆ, ಉರಿದ ಇಂಧನ ಈಗಾಗಲೇ ಇದೆ. ಅದನ್ನು ಎಲ್ಲೋ ಒಂದು ಕಡೆ, ಯಾವುದೋ ಲೋಹದಲ್ಲಿ ಇಡಲೇಬೇಕು. ಕಡಲ ದಂಡೆಯ ನೆಲಮಾಳಿಗೆಗಿಂತ ಆಳದ ಬಂಡೆ ಸುರಕ್ಷಿತ ಎಂಬುದೇ ನನ್ನ ತಿಳಿವಳಿಕೆ.

ಮಂಡ್ಯದವರಿಗೆ ಇದು ದೂರದೂರಿನ ಸುದ್ದಿಯಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು 2021ರಲ್ಲಿ ಪ್ರಕಟಿಸಿದ್ದು ಅಣುಶಕ್ತಿ ಇಲಾಖೆಯದೇ ಖನಿಜ ನಿರ್ದೇಶನಾಲಯ. ಕೈಗಾದಂಥ ಭಾರಜಲ ರಿಯಾಕ್ಟರುಗಳಲ್ಲಿ ಪೈಪುಗಳು ಸವೆಯದಂತೆ ನೀರನ್ನು ಹದವಾಗಿ ಕ್ಷಾರೀಯವಾಗಿಡಲು ಬಳಸುವುದೂ ಲಿಥಿಯಂ ಹೈಡ್ರಾಕ್ಸೈಡನ್ನೇ. ಕಾವೇರಿ ಬಯಲಿನ ಬಂಡೆಗೂ ಆ ಇಲಾಖೆಗೂ ಲೆಕ್ಕಾಚಾರ ಮತ್ತೆ ಶುರುವಾಗಿದೆ ಎಂದೇ ಅರ್ಥ.

ಮದ್ದೂರಿನಲ್ಲಿ ಯಂತ್ರ ಇಳಿದ ಕಾಲದಲ್ಲಿ ಸರ್ಕಾರವೂ ಕಂಪನಿಯೂ ಮಾತಾಡಿಕೊಂಡರೆ ಸಾಕಿತ್ತು. ಮಳವಳ್ಳಿಯವರನ್ನು ಯಾರೂ ಕೇಳಲಿಲ್ಲ. ಈಗ ಕೇಳಬೇಕು. ಕೋಲಾರದ ಎಂಟು ವರ್ಷದ ಅಳತೆಗಳು, ಗಣಿಯ ನೀರಿನಲ್ಲಿ ಕ್ಲೋರೈಡ್ ಎಷ್ಟಿದೆ ಎಂಬ ಲೆಕ್ಕ, 304ಎಲ್ ಬೆಸುಗೆಗಳ ತುಕ್ಕುಬಿರುಕಿನ ಪರೀಕ್ಷೆಯ ಫಲಿತಾಂಶ, ಇಷ್ಟನ್ನೂ ಅಣುಶಕ್ತಿ ಇಲಾಖೆ ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಅಚ್ಚು ಹಾಕಿಸಿ ಗಣಿ ಊರಿನ ಕೈಗೆ ಕೊಡಲಿ. ಕರ್ನಾಟಕದ ಯಾವುದೇ ಬಂಡೆಗೆ ಮುಂದೆ ಭಂಡಾರದ ಹೆಸರು ಬಂದರೂ ಗ್ರಾಮಸಭೆಗೆ ಬೇಡ ಎನ್ನುವ ಹಕ್ಕು ಕಾನೂನಿನಲ್ಲೇ ಇರಲಿ. ಇದನ್ನು ನಮ್ಮ ಶಾಸಕರು, ಸಂಸದರು ಈಗಲೇ, ಯಾವ ಊರಿನ ಹೆಸರೂ ಬರುವ ಮೊದಲೇ ಕೇಳಬೇಕು.